ಬಲ ನಳಿಗೆಯ ಗುಂಡು ಎಡಕ್ಕೆ

ಹರಾಜು ಮನೆಯಿಂದ ಬಂದ ಕಾಗದವನ್ನು ಮೊದಲ ಸಲ ನಿಂತು ಓದಿದೆ, ಎರಡನೇ ಸಲ ಕೂತು ಓದಿದೆ, ಮೂರನೇ ಸಲ ಬೈಯುತ್ತಾ ಓದಿದೆ. ಎದುರಿನ ಸ್ಟೂಲಿನ ಮೇಲೆ ಕೂತಿದ್ದ ತಂಗಿ ಕಾಗದ ನೋಡುತ್ತಿರಲಿಲ್ಲ, ನನ್ನ ಮುಖ ನೋಡುತ್ತಿದ್ದಳು. ಬೇಕರಿಯಿಂದ ನೇರವಾಗಿ ಓಡಿಬಂದಿದ್ದಳು. ಮೊಣಕೈವರೆಗೂ ಹಿಟ್ಟು ಹಾಗೇ ಇತ್ತು.

“ಏನಂತೆ ಅಕ್ಕ?”

“ಎರಡು ನಳಿಗೆನೂ ಒಂದಕ್ಕೊಂದು ಹೊಂದಲ್ವಂತೆ. ಬಲಗಡೆದು ಒಂದು ದಿಕ್ಕಿಗೆ ಹೊಡೆಯುತ್ತಂತೆ, ಎಡಗಡೆದು ಇನ್ನೊಂದು ದಿಕ್ಕಿಗೆ. ಅದಕ್ಕೆ ಬೆಲೆನ ಮೂರರಲ್ಲಿ ಒಂದು ಪಾಲಿಗೆ ಇಳಿಸಿದ್ದಾರೆ, ಪುಣ್ಯಾತ್ಮರು.”

“ಮೂರರಲ್ಲಿ ಒಂದು ಪಾಲು ಅಂದ್ರೆ, ನಾನು ಹಾಕಿದ್ದೂ ವಾಪಸ್ ಬರಲ್ವಾ?”

“ಬರಲ್ಲ,” ಎಂದೆ. ಸುಳ್ಳು ಹೇಳಿ ಸಮಾಧಾನ ಮಾಡುವ ಗುಣ ನನ್ನಲ್ಲಿ ಹುಟ್ಟಿನಿಂದಲೇ ಇಲ್ಲ. ಅದಕ್ಕೇ ನನಗೆ ಸ್ನೇಹಿತರು ಕಡಿಮೆ, ಗಿರಾಕಿಗಳು ಜಾಸ್ತಿ.

ನನ್ನದು ಕೋವಿ ರಿಪೇರಿ ಅಂಗಡಿ. ಅಪ್ಪನದಾಗಿತ್ತು, ಅವನು ಹೋದ ಮೇಲೆ ನನ್ನದಾಯಿತು. ಹೆಂಗಸು ಕೋವಿ ಬಿಚ್ಚುತ್ತಾಳೆ ಎಂದು ಮೊದಮೊದಲು ಬಾಗಿಲಲ್ಲೇ ನಿಂತು ಇಣುಕಿ ಹೋಗುತ್ತಿದ್ದವರು ಆಮೇಲೆ ಸಾಲುಗಟ್ಟಿ ಬಂದರು. ಮೂವತ್ತೈದು ವರ್ಷದಲ್ಲಿ ಈ ಬೆಂಚಿನ ಮೇಲೆ ಮಲಗದ ಕೋವಿಯಿಲ್ಲ. ಆದರೆ ಹೋದ ಚಳಿಗಾಲದಿಂದ ಬಲಭುಜ ಬಿಗಿದುಕೊಂಡಿದೆ. ಕೈ ಕಿವಿಯವರೆಗೂ ಏಳುವುದಿಲ್ಲ, ತಲೆ ಬಾಚಿಕೊಳ್ಳುವುದೂ ಎಡಗೈಯಲ್ಲೇ. ವಯಸ್ಸು ಅರವತ್ತೆರಡಾಯಿತು, ಡಾಕ್ಟರು ಇನ್ನೇನು ಹೇಳುತ್ತಾರೆ, ಬಿಸಿನೀರಿನ ಶಾಖ ಕೊಡಿ ಎನ್ನುತ್ತಾರೆ.

ಎಂಟು ವರ್ಷದ ಹಿಂದೆ ತಂಗಿ ಕೆಲಸ ಮಾಡುತ್ತಿದ್ದ ನೂಲಿನ ಮಿಲ್ಲು ಮುಚ್ಚಿತು. ಇಪ್ಪತ್ತು ವರ್ಷ ದುಡಿದದ್ದಕ್ಕೆ ಒಂದಿಷ್ಟು ಗಂಟು ಕೈಗೆ ಕೊಟ್ಟು ಕಳಿಸಿದರು. ಆ ಗಂಟಿನ ಸುತ್ತ ಮನೆಯವರೆಲ್ಲ ನೊಣದ ಹಾಗೆ ಸುತ್ತತೊಡಗಿದರು. ಎಲ್ಲರಿಗಿಂತ ಮುಂದೆ ಅವಳ ಗಂಡ. ಅವನು ವಿಮಾ ಕಂಪನಿಯಲ್ಲಿ ಗುಮಾಸ್ತ. ಬಾಯಿ ಬಿಟ್ಟರೆ ಇಷ್ಟು ಪರ್ಸೆಂಟು, ಅಷ್ಟು ಪರ್ಸೆಂಟು. ಅದಕ್ಕೇ ನಾನು ಅವನಿಗೆ ಪರ್ಸೆಂಟು ಎಂದೇ ಹೆಸರಿಟ್ಟಿದ್ದೇನೆ, ಎದುರಿಗೂ ಹಾಗೇ ಕರೆಯುತ್ತೇನೆ. ಅವನು ಬೇಜಾರು ಮಾಡಿಕೊಳ್ಳುವುದಿಲ್ಲ. ಒಳ್ಳೆಯವನೇ, ಸ್ವಲ್ಪ ಕೊರೆಯುತ್ತಾನೆ ಅಷ್ಟೆ.

ತಂಗಿ ಯಾರ ಮಾತಿಗೂ ಹೂಂ ಅನ್ನದೆ ನನ್ನ ಅಂಗಡಿಗೆ ಬಂದು, “ಅಕ್ಕ, ಈ ದುಡ್ಡು ಏನು ಮಾಡ್ಲಿ?” ಎಂದಳು. ನಾನು ಡಬಲ್ ರೈಫಲ್ ತಗೋ ಎಂದೆ.

ಪರ್ಸೆಂಟು ಅವತ್ತು ನಕ್ಕ ನಗು ಇವತ್ತಿಗೂ ನನ್ನ ಕಿವಿಯಲ್ಲಿದೆ. ಅವನಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಹೊಲದಲ್ಲಿ ಹಕ್ಕಿ ಓಡಿಸುವ ಜೋಡಿ ನಳಿಗೆ ಕೋವಿ ಬೇರೆ, ಅದು ಚರೆ, ಅಂದರೆ ಸಣ್ಣ ಸೀಸದ ಕಾಳು, ಚೆಲ್ಲುತ್ತದೆ, ಗುರಿ ಸ್ವಲ್ಪ ಆಚೀಚೆ ಆದರೂ ನಡೆಯುತ್ತದೆ. ಡಬಲ್ ರೈಫಲ್ ಹಾಗಲ್ಲ. ಒಂದೊಂದು ನಳಿಗೆಗೆ ಒಂದೊಂದೇ ಗುಂಡು, ಹೆಬ್ಬೆರಳು ಗಾತ್ರದ್ದು. ಐವತ್ತು ಗಜದಲ್ಲಿ ಎರಡೂ ಒಂದೇ ಕಡೆ ಬೀಳಬೇಕು. ಹಾಗೆ ಬೀಳಿಸಬೇಕಾದರೆ ಎರಡು ನಳಿಗೆಯನ್ನು ಬೆಸುಗೆ ಹಾಕಿ ಜೋಡಿಸಿ, ಹೊಡೆದು ನೋಡಿ, ಬೆಸುಗೆ ಕರಗಿಸಿ, ಕೂದಲೆಳೆಯಷ್ಟು ಸರಿಸಿ, ಮತ್ತೆ ಹೊಡೆದು ನೋಡಬೇಕು. ವಾರಗಟ್ಟಲೆ ಇದೇ ಕೆಲಸ. ಹಾಗೆ ಮಾಡುತ್ತಿದ್ದ ಕೈಗಳು ಹೋದವು, ಅಂಗಡಿಗಳು ಮುಚ್ಚಿದವು. ಹಳೆಯವು ಇರುವಷ್ಟೇ, ಕೊಳ್ಳುವವರು ಮಾತ್ರ ವರ್ಷಕ್ಕೊಬ್ಬ ಹೆಚ್ಚು. ಬೆಲೆ ಏರದೆ ಇನ್ನೇನು ಮಾಡುತ್ತದೆ?

ಆರು ತಿಂಗಳು ಹುಡುಕಿ ಅವಳಿಗೆ ಒಂದನ್ನು ಆರಿಸಿದೆ. ನಳಿಗೆ, ಮಧ್ಯದ ಉಕ್ಕು, ಮುಂದಿನ ಮರ, ಮೂರರ ಮೇಲೂ ಒಂದೇ ಸಂಖ್ಯೆ. ಮೂಲದ ಚರ್ಮದ ಪೆಟ್ಟಿಗೆ, ಮುಚ್ಚಳದ ಒಳಗೆ ಎಷ್ಟು ಮದ್ದು, ಎಷ್ಟು ತೂಕದ ಗುಂಡು ಎಂದು ಮಾಡಿದವನೇ ಬರೆದು ಅಂಟಿಸಿದ ಚೀಟಿ. ಉಕ್ಕಿನ ಮೇಲೆ ಮೊದಲ ದಿನದ ಬಣ್ಣ. ಲೈಸೆನ್ಸು ತಂಗಿಯ ಹೆಸರಿಗೆ, ಜಾಗ ನನ್ನ ಅಂಗಡಿಯ ಕಬ್ಬಿಣದ ಬೀರುವಿನಲ್ಲಿ. ಒಂದು ರಜಾದಿನ ಪರ್ಸೆಂಟು ಪಾಲಿಶ್ ಡಬ್ಬ ಹಿಡಿದು ಬಂದ. “ಅತ್ತಿಗೆ, ಮಂಕಾಗಿದೆ ಅಲ್ವಾ, ಒಂದು ಕೈ ಉಜ್ಜಿಬಿಡ್ತೀನಿ,” ಎಂದ. ಹಳೇ ಬಣ್ಣ ಹೋದರೆ ಅರ್ಧ ಬೆಲೆ ಹೋದ ಹಾಗೆ. ನಾನು ಸುತ್ತಿಗೆ ಎತ್ತಿಕೊಂಡದ್ದು ನೋಡಿ ಡಬ್ಬ ಅಲ್ಲೇ ಬಿಟ್ಟು ಮನೆ ಸೇರಿದ.

ಎಂಟು ವರ್ಷ ತಂಗಿ ಬೇಕರಿಯಲ್ಲಿ ಕೂಲಿಗೆ ನಿಂತು ಹಿಟ್ಟಿನ ಮೂಟೆ ಹೊತ್ತಳು, ನಾದಿದಳು, ಒಲೆಗೆ ತಟ್ಟೆ ತಳ್ಳಿದಳು. ಒಂದು ದಿನವೂ ಕೋವಿಯ ಸುದ್ದಿ ಎತ್ತಲಿಲ್ಲ. ಈ ತಿಂಗಳ ಮೊದಲ ವಾರ ಬೇಕರಿಯ ಯಜಮಾನಿ ಅವಳನ್ನು ಕರೆದು, “ನನ್ನ ಮಂಡಿ ಕೈ ಕೊಟ್ಟಿದೆ, ಮಗಳ ಮನೆಗೆ ಹೋಗ್ತೀನಿ. ಮೊದಲು ನಿನ್ನ ಕೇಳ್ತೀನಿ, ಕೊಳ್ತೀಯಾ?” ಎಂದಿದ್ದಳು. ತಿಂಗಳ ಕೊನೆಯವರೆಗೂ ಕಾಯುತ್ತಾಳೆ. ಇಲ್ಲದಿದ್ದರೆ ಪಕ್ಕದ ಚಪ್ಪಲಿ ಅಂಗಡಿಯವನು ಗೋಡೆ ಒಡೆದು ಒಂದು ಮಾಡಿಕೊಳ್ಳುತ್ತಾನೆ, ಒಲೆಯನ್ನು ಕಿತ್ತು ಬಿಸಾಡುತ್ತಾನೆ. ಐವತ್ತನಾಲ್ಕರ ಹೆಂಗಸು ಮತ್ತೆ ಯಾರ ಬಾಗಿಲಲ್ಲಿ ಕೆಲಸ ಕೇಳಬೇಕು? ಹುಟ್ಟಿದಾಗಿನಿಂದ ನನ್ನ ಹಳೇ ಬಟ್ಟೆ ಹಾಕಿಕೊಂಡು, ನನ್ನ ಹಳೇ ಪುಸ್ತಕ ಓದಿಕೊಂಡು ಬೆಳೆದವಳು. ಇದು ನನಗೆ ಬೇಕು ಎಂದು ಅವಳು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

ನಾನು ಎದೆ ತಟ್ಟಿಕೊಂಡು, “ಕೋವಿ ಹರಾಜಿಗೆ ಕಳಿಸೋಣ, ಬೇಕರಿ ಬಂತು ಅಂತ ತಿಳ್ಕೋ,” ಎಂದಿದ್ದೆ. ಈಗ ನೋಡಿದರೆ ಈ ಕಾಗದ.

ಒಂದು ವಿಷಯ ನಾನು ಯಾರಿಗೂ ಹೇಳಿರಲಿಲ್ಲ. ಆ ಕೋವಿಯನ್ನು ನಾನು ಒಂದು ಸಲವೂ ಹೊಡೆದು ನೋಡಿರಲಿಲ್ಲ. ಅಳೆದಿದ್ದೆ, ನಳಿಗೆಯೊಳಗೆ ದೀಪ ಬಿಟ್ಟು ನೋಡಿದ್ದೆ, ಬೆಸುಗೆಯ ಮೇಲೆ ಉಗುರು ಎಳೆದು ನೋಡಿದ್ದೆ. ಹೊಡೆಯಲಿಲ್ಲ. ಮಾರುವವನು ಅವಸರ ಮಾಡಿದ್ದ, ಇನ್ನೊಬ್ಬ ಗಿರಾಕಿ ಬಾಗಿಲಲ್ಲಿದ್ದ. ಅದಕ್ಕಿಂತ ಹೆಚ್ಚಾಗಿ ನನ್ನ ಕಣ್ಣಿನ ಮೇಲೆ ನನಗೆ ಸೊಕ್ಕು. ತಂಗಿಯ ಇಪ್ಪತ್ತು ವರ್ಷದ ಬೆವರನ್ನು ನನ್ನ ಸೊಕ್ಕಿನ ಮೇಲೆ ಇಟ್ಟಿದ್ದೆ.

ತಂಗಿ ಎದ್ದು ಕೈ ಒರೆಸಿಕೊಂಡಳು. “ಹೋಗ್ಲಿ ಬಿಡು ಅಕ್ಕ. ಬಂದಷ್ಟು ಬರ್ಲಿ. ತಟ್ಟೆ ಒಲೇಲಿದೆ, ನಾನು ಹೊರಡ್ತೀನಿ.”

“ಹೋಗ್ಲಿ ಬಿಡು ಅನ್ನೋಕೆ ನಿಮ್ಮಪ್ಪನ ಮನೆ ಗಂಟಾ ಅದು? ಕೂತ್ಕೋ,” ಎಂದು ಗದರಿದೆ. ಅವಳಪ್ಪನೇ ನನ್ನಪ್ಪ ಎನ್ನುವುದು ಆಮೇಲೆ ನೆನಪಾಯಿತು.

ಕಾಗದದ ಜೊತೆಗೆ ಗುರಿಹಲಗೆಗೆ ಅಂಟಿಸಿದ್ದ ಹಾಳೆಯ ಚಿತ್ರವನ್ನೂ ಕಳಿಸಿದ್ದರು. ನಾಲ್ಕು ತೂತು. ಒಂದೊಂದರ ಪಕ್ಕದಲ್ಲಿ ಯಾವ ನಳಿಗೆಯದು ಎಂದು ಅಚ್ಚುಕಟ್ಟಾಗಿ ಬರೆದಿದ್ದರು. ಕನ್ನಡಕ ಹಾಕಿಕೊಂಡು ನೋಡಿದೆ. ಬಲ ನಳಿಗೆಯ ಎರಡು ಗುಂಡು ಎಡಕ್ಕೆ ಬಿದ್ದಿದ್ದವು. ಎಡ ನಳಿಗೆಯವು ಬಲಕ್ಕೆ. ನಡುವೆ ಒಂದು ಗೇಣು ದೂರ. ನಾಲ್ಕೂ ಮಧ್ಯದ ಚುಕ್ಕೆಗಿಂತ ಕೆಳಗೆ.

ಒಂದೊಂದರ ಮೇಲೂ ಬೆರಳಿಟ್ಟು ಇನ್ನೊಂದು ಸಲ ಓದಿದೆ. ಆಮೇಲೆ ಒಬ್ಬಳೇ ನಗತೊಡಗಿದೆ. ತಂಗಿ ಗಾಬರಿಯಾಗಿ ನನ್ನ ಹಣೆ ಮುಟ್ಟಿ ನೋಡಿದಳು, ಹಣೆಯ ಮೇಲೆ ಹಿಟ್ಟು ಮೆತ್ತಿತು.

“ಇವರು ಕೋವಿನ ಕಟ್ಟಿಹಾಕಿ ಹೊಡೆದಿದ್ದಾರೆ ಕಣೇ,” ಎಂದೆ.

ಮಾರನೆಯ ದಿನ ಬೆಳಿಗ್ಗೆ ಇಬ್ಬರೂ ಹರಾಜು ಮನೆಗೆ ಹೋದೆವು. ಪರ್ಸೆಂಟೂ ರಜೆ ಹಾಕಿ ಬಂದ. ಮೆಟ್ಟಿಲು ಹತ್ತುವಾಗ, “ಅತ್ತಿಗೆ, ಜಗಳ ಬೇಡ, ಹತ್ತು ಪರ್ಸೆಂಟ್ ಏರಿಸಿದ್ರೂ ಸಾಕು,” ಎಂದು ನನ್ನ ಕಿವಿ ಕಚ್ಚುತ್ತಿದ್ದ. ಒಳಗೆ ಮೇಜಿನ ಹಿಂದೆ ಅಲ್ಲಿನ ತಜ್ಞ ಕೂತಿದ್ದ. ಮೂವತ್ತು ದಾಟಿರಲಿಕ್ಕಿಲ್ಲ. ಕೈಗೆ ಬಿಳೀ ಗವಸು, ಪೆನ್ನು ಹಿಡಿಯುವಾಗಲೂ ತೆಗೆಯುತ್ತಿರಲಿಲ್ಲ. ನಮ್ಮ ಮೂವರ ಬಾಯಲ್ಲಿ ಅವನು ಅವತ್ತಿನಿಂದ ಗವಸು ಆದ.

“ಹೇಗೆ ಹೊಡೆದ್ರಿ?” ಎಂದೆ, ನಮಸ್ಕಾರ ಗಿಮಸ್ಕಾರ ಇಲ್ಲದೆ.

“ನಮ್ಮ ಹತ್ರ ಹೊಸ ವ್ಯವಸ್ಥೆ ಇದೆ ಮೇಡಂ,” ಎಂದು ಹೆಮ್ಮೆಯಿಂದ ಹಿಂದಿನ ಶೆಡ್ಡಿಗೆ ಕರೆದೊಯ್ದ. ಉದ್ದನೆಯ ಶೆಡ್ಡು, ಕೊನೆಯಲ್ಲಿ ಮರಳಿನ ದಿಬ್ಬ. ಈ ತುದಿಯಲ್ಲಿ ಕಾಂಕ್ರೀಟಿಗೆ ಬೋಲ್ಟು ಹೊಡೆದು ಕೂರಿಸಿದ ಕಬ್ಬಿಣದ ಚೌಕಟ್ಟು. ಕೋವಿಯನ್ನು ಅದರೊಳಗಿಟ್ಟು ನಾಲ್ಕು ಕಡೆಯಿಂದ ತಿರುಪು ಬಿಗಿಯುತ್ತಾರೆ. “ಕೂದಲಷ್ಟೂ ಅಲುಗಲ್ಲ. ಮನುಷ್ಯನ ಕೈ ನಡುಗಬಹುದು, ಇದು ನಡುಗಲ್ಲ. ಚೀಟೀಲಿದ್ದ ಹಾಗೇ ಮದ್ದು ತೂಗಿ ಹಾಕಿದ್ವಿ.”

“ಮದ್ದು ಸರಿಯಾಗಿದೆ. ಬೇರೆ ರೈಫಲ್ಲಿಗೆ ಇದೂ ಸರಿಯೇ,” ಎಂದೆ. “ಡಬಲ್ ರೈಫಲ್ ಅಲುಗಬೇಕು ಕಣಪ್ಪಾ. ಬಲ ನಳಿಗೆ ಹೊಡೆದಾಗ ಕೋವಿ ಮೇಲಕ್ಕೂ ಬಲಕ್ಕೂ ಒದೆಯುತ್ತೆ. ಮಾಡಿದವನಿಗೆ ಅದು ಗೊತ್ತು. ಅದಕ್ಕೇ ಬಲ ನಳಿಗೆನ ಒಂಚೂರು ಎಡಕ್ಕೆ ನೋಡೋ ಹಾಗೆ ಜೋಡಿಸಿರ್ತಾನೆ. ಗುಂಡು ನಳಿಗೆ ಬಿಡೋ ಹೊತ್ತಿಗೆ ಒದೆತ ಅದನ್ನ ಸರಿಯಾದ ಜಾಗಕ್ಕೆ ತಂದಿರುತ್ತೆ. ಎಡದ್ದೂ ಹಾಗೇ, ಉಲ್ಟಾ. ನೀವು ಕಟ್ಟಿಹಾಕಿದ್ರಿ, ಅದು ಒದೆಯೋಕೆ ಆಗ್ಲಿಲ್ಲ. ಬಲದ ಗುಂಡು ಎಡಕ್ಕೆ ಹೋಯ್ತು, ಎಡದ್ದು ಬಲಕ್ಕೆ ಹೋಯ್ತು, ಎರಡೂ ಕೆಳಗೆ ಬಿತ್ತು. ನಿಮ್ಮ ಹಾಳೇಲೇ ಬರೆದಿದ್ದೀರಲ್ಲ, ಓದಿಲ್ವಾ?”

ಗವಸು ಹಾಳೆ ತರಿಸಿ ನೋಡಿದ. ಮುಖ ಸ್ವಲ್ಪ ಕೆಂಪಾಯಿತು. ಆದರೆ ಹುಡುಗಾಟದವನಲ್ಲ, ಮಾತನ್ನು ತೂಗಿ ಆಡಿದ. “ನೀವು ಹೇಳೋದು ನಿಜ ಇರಬಹುದು ಮೇಡಂ. ನಿಜವಾಗ್ಲೂ ನಳಿಗೆ ಕೆಟ್ಟಿದ್ರೂ ಹೀಗೇ ಬೀಳಬಹುದು. ಯಾವುದು ಅಂತ ನನಗೆ ಹೇಗೆ ಗೊತ್ತಾಗಬೇಕು?”

“ಭುಜಕ್ಕೆ ಕೊಟ್ಟು ಹೊಡೆದ್ರೆ ಗೊತ್ತಾಗುತ್ತೆ.”

“ಇಷ್ಟು ದೊಡ್ಡದನ್ನ ಹೊಡೆಯೋರು ನಮ್ಮಲ್ಲಿ ಯಾರೂ ಇಲ್ಲ. ನೀವೇ ಯಾರನ್ನಾದ್ರೂ ಕರ್ಕೊಂಡು ಬನ್ನಿ. ಗುರುವಾರ ಕೊಳ್ಳೋರು ನೋಡೋಕೆ ಬರ್ತಾರೆ, ಅವರ ಮುಂದೇನೇ ಹೊಡೀಲಿ. ಸರಿ ಬಂದ್ರೆ ನಾನೇ ತಿದ್ದುಪಡಿ ಅಚ್ಚು ಹಾಕಿಸ್ತೀನಿ. ಬರದಿದ್ರೆ ಅದನ್ನೂ ಹೇಳಬೇಕಾಗುತ್ತೆ. ಆಮೇಲೆ ಈಗ ಹಾಕಿರೋ ಬೆಲೆನೂ ಉಳಿಯಲ್ಲ.”

ಹರಾಜು ಶನಿವಾರ. ಅದು ಬಿಟ್ಟರೆ ಆರು ತಿಂಗಳು ಇಲ್ಲ. ಬೇಕರಿಯ ಗಡುವು ಮಂಗಳವಾರ.

ಪರ್ಸೆಂಟು ನನ್ನ ತೋಳು ಹಿಡಿದು ಪಕ್ಕಕ್ಕೆ ಎಳೆದ. “ಅತ್ತಿಗೆ, ಮೂರರಲ್ಲಿ ಒಂದು ಪಾಲಾದ್ರೂ ಕೈಯಲ್ಲಿದೆ. ಅದೂ ಹೋದ್ರೆ?” ಅವನು ಹೇಳಿದ್ದು ತಪ್ಪಲ್ಲ. ನಾನಂತೂ ಅದನ್ನು ಹೊಡೆದು ನೋಡಿದವಳೇ ಅಲ್ಲ. ಆ ಹಾಳೆಯ ಲೆಕ್ಕ ನನ್ನ ಕಡೆಗೇ ಇತ್ತು, ಆದರೆ ಲೆಕ್ಕವೇ ಬೇರೆ, ಗುಂಡೇ ಬೇರೆ. ನಾನು ಬಲಗೈ ಎತ್ತಿ ನೋಡಿದೆ. ಎದೆಯ ಹತ್ತಿರಕ್ಕೆ ಬಂದು ನಿಂತಿತು. ಕಣ್ಣಲ್ಲಿ ನೀರು ಬಂತು, ನೋವಿಗೋ ಸಿಟ್ಟಿಗೋ.

“ಯಾರನ್ನ ಕರೀತೀಯ ಅಕ್ಕ?” ಎಂದಳು ತಂಗಿ.

“ಯಾರಿದ್ದಾರೆ. ಗೊತ್ತಿದ್ದೋರೆಲ್ಲ ಮುದುಕರಾದ್ರು.”

“ನಾನು ಹೊಡೀತೀನಿ.”

ಚಿಕ್ಕವರಿದ್ದಾಗ ಅಪ್ಪ ಇಬ್ಬರಿಗೂ ಕಲಿಸಿದ್ದ. ನನಗಿಂತ ಅವಳ ಕೈ ನಿಂತಿರುತ್ತದೆ ಎಂದು ಅವಳಿಗೇ ಮೊದಲು ಕೊಡುತ್ತಿದ್ದ, ನಾನು ಉರಿದುಕೊಳ್ಳುತ್ತಿದ್ದೆ. ಆದರೆ ಅದಾಗಿ ನಲವತ್ತು ವರ್ಷವಾಗಿತ್ತು, ಅದೂ ಸಣ್ಣ ಕೋವಿ. ಇದು ಐದು ಕಿಲೋ ಭಾರ, ಒದ್ದರೆ ಒಳ್ಳೇ ಆಳೇ ಎರಡು ಹೆಜ್ಜೆ ಹಿಂದೆ ಹೋಗುತ್ತಾನೆ.

“ಮೂಳೆ ಮುರಿಯುತ್ತೆ ಕಣೇ,” ಎಂದೆ.

“ಎಂಟು ವರ್ಷ ಇದೇ ಭುಜದ ಮೇಲೆ ದಿನಕ್ಕೆ ನಾಲ್ಕು ಮೂಟೆ ಹಾಕಿದ್ದೀನಿ. ಅದಕ್ಕೆ ಮುರೀಲಿಲ್ಲ, ಇದಕ್ಕೆ ಮುರಿಯುತ್ತಾ? ನಿಲ್ಲೋದು ಹೇಗೆ ಅಂತ ತೋರಿಸು, ಸಾಕು.”

ಮೂರು ದಿನ ಅಂಗಡಿಯ ಹಿಂಬದಿಯ ಕೋಣೆಯಲ್ಲಿ ಅವಳನ್ನು ನಿಲ್ಲಿಸಿದೆ. ಕೈಗೆ ಅಷ್ಟೇ ಭಾರದ ಬೇರೆ ಖಾಲಿ ಕೋವಿ ಕೊಟ್ಟೆ. ಎಡಗಾಲು ಮುಂದೆ, ಸೊಂಟ ಸಡಿಲ, ಮೈ ಒಂಚೂರು ಮುಂದಕ್ಕೆ. ಹಿಡಿಯಬೇಕು, ಬಿಗಿಯಬಾರದು. ಮುಂದಿನ ಟ್ರಿಗರ್ ಬಲ ನಳಿಗೆಗೆ, ಹಿಂದಿನದು ಎಡಕ್ಕೆ. ನಾನು ಬೈಯುತ್ತಿದ್ದೆ, ಅವಳು ಕೇಳಿಸಿಕೊಳ್ಳುತ್ತಿದ್ದಳು. ಹೇಳಿಬಿಡಲೇ, ನಾನು ಹೊಡೆದು ನೋಡಿಲ್ಲ ಕಣೇ ಎಂದು ಹೇಳಿಬಿಡಲೇ ಎಂದು ಹತ್ತು ಸಲ ನಾಲಿಗೆ ತುದಿಗೆ ಬಂತು. ಹೇಳಿದರೆ ಅವಳ ಕೈ ನಡುಗಬಹುದು ಎಂದು ನುಂಗಿಕೊಂಡೆ. ನಿಜ ಹೇಳಬೇಕೆಂದರೆ, ಅದೂ ಒಂದು ನೆಪ. ನನಗೆ ಮುಖ ಇರಲಿಲ್ಲ.

ಗುರುವಾರ ಶೆಡ್ಡಿನಲ್ಲಿ ಹದಿನೈದು ಜನ ಸೇರಿದ್ದರು. ಒಳ್ಳೇ ಬೂಟು, ಒಳ್ಳೇ ಗಡಿಯಾರದ ಜನ. ಹಿಂದುಗಡೆ ಟೋಪಿ ಹಾಕಿದ ಉದ್ದನೆಯ ಮನುಷ್ಯರೊಬ್ಬರು ಕೈಕಟ್ಟಿ ನಿಂತಿದ್ದರು. ತಂಗಿ ಬೇಕರಿಯ ಬಿಳೀ ಅಂಗಿಯಲ್ಲೇ ಬಂದಿದ್ದಳು, ಇನ್ನೊಂದು ತೊಳೆಯಲು ಹಾಕಿತ್ತಂತೆ. ಯಾರೋ ಒಬ್ಬ ಪಕ್ಕದವನಿಗೆ, “ತಿಂಡಿ ತಂದಿದ್ದಾರಾ?” ಎಂದ. ನಾನು ಅವನ ಕಡೆ ಒಂದು ನೋಟ ಬಿಟ್ಟೆ.

ಗವಸು ದೂರದರ್ಶಕದ ಹಿಂದೆ ಕೂತ. ನಾನು ನಾಲ್ಕು ತೋಟಾಗಳನ್ನು ಎಡಗೈಯಲ್ಲಿ ಹಿಡಿದು ಅವಳ ಹತ್ತಿರ ನಿಂತೆ. ಕಿವಿಗೆ ಮುಚ್ಚಳ ಹಾಕಿಕೊಳ್ಳುವ ಮುಂಚೆ ಅವಳು, “ಅಕ್ಕ, ಇನ್ನು ಮಾತಾಡ್ಬೇಡ,” ಎಂದಳು. ಅರವತ್ತೆರಡು ವರ್ಷದಲ್ಲಿ ನನಗೆ ಹಾಗೆ ಹೇಳಿ ಬದುಕಿದವರಿಲ್ಲ. ಬಾಯಿಗೆ ಬೀಗ ಹಾಕಿಕೊಂಡೆ.

ಅವಳು ಕೋವಿ ಎತ್ತಿದಳು. ಬಲ ನಳಿಗೆ ಹೊಡೆಯಿತು. ಶೆಡ್ಡಿನ ತಗಡು ನಡುಗಿತು, ಅವಳ ಭುಜ ಹಿಂದಕ್ಕೆ ಹೋಗಿ ಮುಂದೆ ಬಂತು, ಕಾಲು ಮಾತ್ರ ಇದ್ದಲ್ಲೇ ಇತ್ತು. ಮೂರು ಉಸಿರು ಬಿಟ್ಟು ಎಡದ್ದು. ಹೊಗೆಯ ನಡುವೆ ಹಲಗೆ ಕಾಣಲಿಲ್ಲ. ನಾನು ಗವಸಿನ ಮುಖ ನೋಡಿದೆ. ಅವನು ದೂರದರ್ಶಕದಿಂದ ಕಣ್ಣು ತೆಗೆಯಲೇ ಇಲ್ಲ. ಪರ್ಸೆಂಟು ಗೋಡೆ ಕಡೆ ತಿರುಗಿ ನಿಂತಿದ್ದ.

“ಏನಾಯ್ತಪ್ಪಾ?” ಎಂದೆ. ಬೀಗ ಅಷ್ಟು ಹೊತ್ತೇ ನಿಂತದ್ದು.

“ಒಂದು ಜೋಡಿ ಆಕಸ್ಮಿಕ ಇರಬಹುದು,” ಎಂದ ಗವಸು ಮೆಲ್ಲಗೆ. “ಇನ್ನೊಂದು ಜೋಡಿ ಹೊಡೀಲಿ.”

ಚೆನ್ನಾಗಿದೆ ಎಂದಾಗಲಿ ಕೆಟ್ಟಿದೆ ಎಂದಾಗಲಿ ಹೇಳಲಿಲ್ಲ ಪಾಪಿ. ತಂಗಿಯ ತುಟಿ ಬಿಳಿಚಿತ್ತು. ಅಂಗಿಯ ಭುಜದ ಹೊಲಿಗೆ ಬಿಟ್ಟಿತ್ತು. “ಆಗುತ್ತಾ?” ಎಂದು ಕಣ್ಣಲ್ಲೇ ಕೇಳಿದೆ. ಅವಳು ಕೈ ಚಾಚಿದಳು. ಉಳಿದ ಎರಡು ತೋಟಾ ಅವಳ ಅಂಗೈಯಲ್ಲಿಟ್ಟೆ.

ಬಲ. ಎಡ. ಆಮೇಲೆ ಕೋವಿಯನ್ನು ಮಡಿಸಿ ಖಾಲಿ ಹಿತ್ತಾಳೆ ತೆಗೆದು ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿದಳು, ಒಲೆಯಿಂದ ಬನ್ನು ತೆಗೆದಿಟ್ಟಷ್ಟೇ ನಿಧಾನವಾಗಿ.

ಹಲಗೆ ತಂದವನು ಓಡುತ್ತಾ ತಂದ. ಅದನ್ನು ನೋಡಿಯೇ ನನಗೆ ಅರ್ಧ ಜೀವ ಬಂತು. ಗವಸು ಹಲಗೆಯನ್ನು ಬೆಳಕಿಗೆ ಹಿಡಿದ. ಮಧ್ಯದ ಚುಕ್ಕೆಯ ಸುತ್ತ ನಾಲ್ಕು ತೂತು, ಎರಡು ಒಂದಕ್ಕೊಂದು ತಾಗಿಕೊಂಡಿದ್ದವು. ಬಲದ್ದು ಬಲಕ್ಕೆ, ಎಡದ್ದು ಎಡಕ್ಕೆ. ನಾಲ್ಕನ್ನೂ ಒಂದು ಬನ್ನಿನಿಂದ ಮುಚ್ಚಬಹುದಿತ್ತು. ಟೋಪಿಯವರು ಮುಂದೆ ಬಂದು ಹಾಳೆಯ ಮೇಲೆ ಬಗ್ಗಿ ನೋಡಿದರು, ಆಮೇಲೆ ತಂಗಿಯ ಕಡೆ ತಿರುಗಿ ಟೋಪಿ ತೆಗೆದರು.

ಗವಸು ಎಲ್ಲರ ಮುಂದೆ, “ತಪ್ಪು ನಮ್ಮದು. ಕೋವಿ ಸರಿಯಾಗಿದೆ, ನಾವು ಪರೀಕ್ಷೆ ಮಾಡಿದ ರೀತಿ ಸರಿಯಿರಲಿಲ್ಲ,” ಎಂದ. ದೊಡ್ಡ ಮನಸ್ಸು, ಒಪ್ಪಿಕೊಳ್ಳಲೇಬೇಕು. ಗವಸು ಬಿಚ್ಚಿ ಬರಿಗೈಯಲ್ಲಿ ತಂಗಿಯ ಕೈ ಕುಲುಕಿದ. ಇನ್ನು ಮುಂದೆ ಡಬಲ್ ರೈಫಲ್ ಬಂದಾಗಲೆಲ್ಲ ನನ್ನನ್ನು ಕರೆಯುತ್ತೇನೆ ಎಂದ. ಬರುತ್ತೇನೆ, ನನ್ನ ಕೂಲಿ ಕಡಿಮೆಯಿಲ್ಲ ಎಂದೆ. ಪರ್ಸೆಂಟು ಗೋಡೆ ಬಿಟ್ಟು ಬಂದವನು ಹೆಂಡತಿಯನ್ನು ಅಪ್ಪಿಕೊಳ್ಳಲು ಹೋದ, ಭುಜ ಮುಟ್ಟಿದ್ದಕ್ಕೆ ಅವಳು ಅವನನ್ನು ಆಚೆ ತಳ್ಳಿದಳು. ಬಟ್ಟೆ ಸರಿಸಿ ನೋಡಿದರೆ ಭುಜವೆಲ್ಲ ನೇರಳೆ ಬಣ್ಣ.

ಶನಿವಾರ ಹರಾಜಿನ ಹಜಾರದಲ್ಲಿ ಮೂರನೇ ಸಾಲಿನಲ್ಲಿ ಕೂತೆವು. ಗುರಿಹಾಳೆಗೆ ಚೌಕಟ್ಟು ಹಾಕಿಸಿ ಕೋವಿಯ ಪಕ್ಕದಲ್ಲೇ ನಿಲ್ಲಿಸಿದ್ದರು. ಕೂಗು ಶುರುವಾದಾಗ ಟೋಪಿಯವರು ಕೈ ಎತ್ತಿದರು, ಫೋನಿನಲ್ಲಿ ಇನ್ಯಾರೋ ಇದ್ದರು. ಇಬ್ಬರೂ ಜಗ್ಗಾಟಕ್ಕೆ ಬಿದ್ದರು. ಅಂಕಿಗಳು ನನ್ನ ತಲೆಗೆ ಹತ್ತಲಿಲ್ಲ. ನಾನು ಬೇಕರಿಯನ್ನೇ ಎಣಿಸುತ್ತಾ ಹೋದೆ. ಒಲೆ ಬಂತು. ನಾದುವ ಯಂತ್ರ ಬಂತು. ಗಾಜಿನ ಬೀರು ಬಂತು. ಫೋನಿನವರು ಸ್ವಲ್ಪ ತಡೆದಾಗ ನಾಲ್ಕು ಗೋಡೆಯಿದ್ದು ಚಾವಣಿ ಇರಲಿಲ್ಲ. ತಂಗಿ ನನ್ನ ಕೈಯನ್ನು ಹಿಂಡುತ್ತಿದ್ದಳು, ಕೆಟ್ಟ ಕೈಯನ್ನೇ, ನಾನು ಬಿಡಿಸಿಕೊಳ್ಳಲಿಲ್ಲ. ಫೋನಿನಿಂದ ಮತ್ತೆ ಕೂಗು ಬಂತು. ಟೋಪಿಯವರು ಮತ್ತೆ ಕೈ ಎತ್ತಿದರು. ಚಾವಣಿ ಬಂತು. ಇನ್ನೊಂದು ಕೂಗಿಗೆ ಬೋರ್ಡು ಬಂತು, ಅದರ ಮುಂದಿನದಕ್ಕೆ ಒಂದು ವರ್ಷದ ಹಿಟ್ಟು. ಸುತ್ತಿಗೆ ಬಿತ್ತು.

“ಹಾಕಿದ್ದರ ಎರಡೂವರೆ ಪಟ್ಟು,” ಎಂದು ಪರ್ಸೆಂಟು ಪಿಸುಗುಟ್ಟಿದ. ಬೆರಳಲ್ಲಿ ಏನೋ ಎಣಿಸಿದ. “ವರ್ಷಕ್ಕೆ ಹನ್ನೆರಡು. ಚಕ್ರಬಡ್ಡಿ ಲೆಕ್ಕದಲ್ಲಿ. ನಮ್ಮ ಕಂಪನಿ ಏಳೂ ಕೊಡ್ತಿರ್ಲಿಲ್ಲ ಅತ್ತಿಗೆ.” ಆ ಕ್ಷಣ ಅವನನ್ನು ಮುದ್ದು ಮಾಡಬೇಕೆನ್ನಿಸಿತು. ಮಾಡಲಿಲ್ಲ, ಬೆನ್ನಿಗೊಂದು ಗುದ್ದಿದೆ.

ಸೋಮವಾರ ಮಧ್ಯಾಹ್ನ ಬೇಕರಿಯ ಹಿಂಬದಿಯ ಮೇಜಿನ ಮೇಲೆ ರುಜು ಬಿತ್ತು. ಯಜಮಾನಿ ಬೀಗದ ಕೈ ಕೊಟ್ಟು, ಅತ್ತು, ತಂಗಿಯ ಕೆನ್ನೆ ಹಿಡಿದು, ಊರುಗೋಲು ಊರಿಕೊಂಡು ಹೋದಳು. ಚಪ್ಪಲಿ ಅಂಗಡಿಯವನು ಬಾಗಿಲಲ್ಲಿ ನಿಂತು ಸಪ್ಪೆ ಮುಖ ಹಾಕಿಕೊಂಡು ನೋಡುತ್ತಿದ್ದ. ಪರ್ಸೆಂಟು ಅವನಿಗೆ ಏನೋ ವಿಮೆ ಮಾರಲು ಹೊರಟ. ಒಳಗೆ ನಾವಿಬ್ಬರೇ ಉಳಿದೆವು. ತಂಗಿ ಆಗಲೇ ಸಂಜೆಯ ಹಿಟ್ಟು ಅಳೆಯುತ್ತಿದ್ದಳು, ಎಡಗೈಯಲ್ಲಿ.

ಇನ್ನು ನುಂಗಿಕೊಳ್ಳಲಾಗಲಿಲ್ಲ. “ನಿನಗೊಂದು ಮಾತು ಹೇಳ್ಬೇಕು,” ಎಂದೆ. “ಆ ಕೋವಿನ ನಿನಗೆ ಕೊಡಿಸೋ ಮುಂಚೆ ನಾನು ಹೊಡೆದು ನೋಡಿರ್ಲಿಲ್ಲ. ಆಮೇಲೂ ಹೊಡೀಲಿಲ್ಲ. ಗುರುವಾರ ನೀನು ಹೊಡೆಯೋವರೆಗೂ ನನಗೆ ಗೊತ್ತಿರ್ಲಿಲ್ಲ. ನಿನ್ನ ದುಡ್ಡೆಲ್ಲ ನನ್ನ ಸೊಕ್ಕಿನ ಮೇಲಿತ್ತು. ತಪ್ಪಾಯ್ತು ಪುಟ್ಟಿ.”

ತಪ್ಪಾಯ್ತು ಎಂಬ ಮಾತು ನನ್ನ ಬಾಯಿಂದ ಅವಳು ಕೇಳಿದ್ದು ಅದೇ ಮೊದಲಿರಬೇಕು. ಅವಳು ಹಿಟ್ಟಿನಿಂದ ಕಣ್ಣೆತ್ತಲಿಲ್ಲ.

“ಗೊತ್ತಿತ್ತು,” ಎಂದಳು.

“ಯಾವಾಗಿಂದ?”

“ಎಷ್ಟೋ ವರ್ಷದಿಂದ. ನೀನು ಹೊಡೆದು ನೋಡಿ ಅದು ಸರಿಯಾಗಿ ಬಿದ್ದಿದ್ರೆ, ಎಂಟು ವರ್ಷ ಬಂದೋರು ಹೋದೋರಿಗೆಲ್ಲ ಆ ಕಥೆ ಹೇಳ್ತಿದ್ದೆ. ಒಂದು ಸಲಾನೂ ಹೇಳ್ಲಿಲ್ಲ.”

“ಗೊತ್ತಿದ್ದೂ ಅಷ್ಟು ಜನರ ಮುಂದೆ ನಿಂತ್ಯಾ?”

“ಬೇಕರಿ ನನಗೆ ಬೇಕಿತ್ತು ಅಕ್ಕ.” ಅವಳು ನಕ್ಕಳು. ಮೂಟೆಯ ಬಾಯಿ ಬಿಚ್ಚಿ ನನ್ನ ಕಡೆ ತಳ್ಳಿದಳು. “ಎಡಗೈ ಚೆನ್ನಾಗಿದೆ ತಾನೇ? ಕೈ ತೊಳ್ಕೊಂಡು ಬಾ. ಮೊಣಕೈವರೆಗೂ ತೊಳಿ, ಮದ್ದಿನ ವಾಸನೆ ನನ್ನ ಅಂಗಡೀಲಿ ನಡೆಯಲ್ಲ.”

ಹೋಗಿ ತೊಳೆದುಕೊಂಡು ಬಂದೆ.